ಚಾಕು ತಾಗಿದರೆ ಲಿವರ್ ಕ್ಯಾನ್ಸರ್ ಹರಡುತ್ತದೆಯೇ? ಆಪರೇಷನ್ ನಂತರದ ಆಯುಷ್ಯ ಯಾವುದರ ಮೇಲೆ ನಿಂತಿದೆ?

"ಗಡ್ಡೆಗೆ ಚಾಕು ತಾಗಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ" ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ತಪ್ಪು. ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಗುಣವಾಗುವ ಅವಕಾಶ ಹೆಚ್ಚಿರುವುದೇ ಗಡ್ಡೆ ಚಿಕ್ಕದಿದ್ದಾಗ ಅದನ್ನು ಕತ್ತರಿಸಿ ತೆಗೆದರೆ, ಸುಟ್ಟರೆ ಅಥವಾ ಲಿವರ್ ಕಸಿ ಮಾಡಿದರೆ. ಫಾರ್ವರ್ಡ್‌ನಲ್ಲಿ ಒಂದೆಳೆ ನಿಜವಿದೆ: ಬಯಾಪ್ಸಿ ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಣ ಬೆಳೆಯುವುದು ಅಪರೂಪಕ್ಕೆ ಉಂಟು. ಅದಕ್ಕೇ ಸಿರೋಸಿಸ್ ಇರುವವರಲ್ಲಿ ಸ್ಕ್ಯಾನ್ ಸ್ಪಷ್ಟವಾಗಿದ್ದರೆ ವೈದ್ಯರು ಬಯಾಪ್ಸಿಗೆ ಹೋಗದೆಯೇ ರೋಗ ಗುರುತಿಸುತ್ತಾರೆ.

ಹಾಗಾದರೆ ಆಪರೇಷನ್ ಆದವರಲ್ಲಿ ಒಬ್ಬರು ಹತ್ತು ವರ್ಷ ಬದುಕಿ, ಇನ್ನೊಬ್ಬರು ಎರಡೇ ವರ್ಷಕ್ಕೆ ಹೋಗುವುದೇಕೆ?

ಗಡ್ಡೆಯ ಗಾತ್ರ, ಸಂಖ್ಯೆ, ಅದು ರಕ್ತನಾಳದೊಳಗೆ ನುಗ್ಗಿದೆಯೇ ಎಂಬುದು ಮುಖ್ಯ. ಅಷ್ಟೇ ಮುಖ್ಯವಾದದ್ದು, ಯಾರೂ ಕೇಳದ ಪ್ರಶ್ನೆ: ಉಳಿದ ಲಿವರ್ ಹೇಗಿದೆ? ಆರೋಗ್ಯವಂತ ಲಿವರ್‌ನ ಕಾಲು ಭಾಗದಷ್ಟು ಉಳಿದರೂ ಮತ್ತೆ ಬೆಳೆದುಕೊಳ್ಳುತ್ತದೆ. ಕುಡಿತ, ಹೆಪಟೈಟಿಸ್ ಬಿ ಅಥವಾ ಸಿ, ಸಕ್ಕರೆ ಕಾಯಿಲೆಯ ಜೊತೆ ಬರುವ ಫ್ಯಾಟಿ ಲಿವರ್ ಇವುಗಳಿಂದ ಕಲೆಗಟ್ಟಿ ಗಂಟುಗಂಟಾದ ಸಿರೋಸಿಸ್ ಲಿವರ್‌ಗೆ ಆ ಶಕ್ತಿ ಕಡಿಮೆ. ಅಂಥ ಲಿವರ್‌ನಲ್ಲಿ ಹೊಸ ಗಡ್ಡೆಯೂ ಹುಟ್ಟುತ್ತದೆ. ಐದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕ್ಯಾನ್ಸರ್ ಮರಳುವುದಕ್ಕೆ ಇದೂ ಒಂದು ಕಾರಣ. ಆದರೆ ಹೆಸರು ಕೆಡುವುದು ಚಾಕುವಿನದು!

ಮರಳಿದ ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಮತ್ತೆ ಚಿಕಿತ್ಸೆ ಸಾಧ್ಯ. ಆದ್ದರಿಂದ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಎಎಫ್‌ಪಿ ರಕ್ತಪರೀಕ್ಷೆ ತಪ್ಪಿಸಬಾರದು. ನಮ್ಮ ಕಡೆ ತಪ್ಪುವುದೇ ಇಲ್ಲಿ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಹೋಗಿಬರಲು ರಾಮನಗರ, ಚನ್ನಪಟ್ಟಣದವರಿಗೆ ರೈಲಾದರೂ ಇದೆ. ಕನಕಪುರ, ಮಾಗಡಿಯವರು ಬಸ್ಸನ್ನೇ ನೆಚ್ಚಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬರುವವರದ್ದೂ. "ಈಗ ಚೆನ್ನಾಗಿದ್ದೀನಲ್ಲ" ಎಂದು ಸುಮ್ಮನಾಗುತ್ತಾರೆ. ಮರಳಿದ ಗಡ್ಡೆ ಶುರುವಿನಲ್ಲಿ ನೋವು ಕೊಡುವುದಿಲ್ಲ.

ಕುಡಿತ ಪೂರ್ತಿ ಬಿಡಬೇಕು, ಹಬ್ಬಕ್ಕೊಂದು ಪೆಗ್ ಕೂಡ ಬೇಡ. ಹೆಪಟೈಟಿಸ್ ಬಿ ಇದ್ದವರು ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬಾರದು. ವೈರಸ್ ಹತೋಟಿಯಲ್ಲಿದ್ದರೆ ಕ್ಯಾನ್ಸರ್ ಮರಳುವ ಸಾಧ್ಯತೆ ತಗ್ಗುತ್ತದೆ. ಕಾಮಾಲೆಗೆಂದು ನಾಟಿ ಔಷಧಿ ಕುಡಿಯುವ ಮುನ್ನ ವೈದ್ಯರನ್ನು ಕೇಳಿ. ಕೆಲವು ಗಿಡಮೂಲಿಕೆಗಳು ಲಿವರ್‌ಗೇ ಪೆಟ್ಟು ಕೊಡುತ್ತವೆ.

ರೋಗಿಗೆ ಹೆಪಟೈಟಿಸ್ ಬಿ ಇದ್ದರೆ ಹೆಂಡತಿ ಅಥವಾ ಗಂಡ, ಮಕ್ಕಳು, ಒಡಹುಟ್ಟಿದವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಲ್ಲಿ ಶುರುವಾಗಿದ್ದು, ಅದರಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಎಲ್ಲಿ ಸಿಗುತ್ತದೆಂದು ರಾಮನಗರದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.