ಶಾಯಿಗೆ ಸುಸ್ತಾಯ್ತಾ?

ನಾನು ಓದಿದ್ದು ಬಿ.ಎ., ಬಿ.ಎಡ್. ಪಾಠ ಹೇಳುವುದು ಚರಿತ್ರೆ. ಒಮ್ಮೆ ವಿಜ್ಞಾನದ ಮೇಷ್ಟ್ರು ರಜೆ ಹಾಕಿದ್ದರಿಂದ ಏಳನೇ ತರಗತಿ ನನ್ನ ಪಾಲಿಗೆ ಬಂತು. ಸೀಮೆಸುಣ್ಣದ ತುದಿಯನ್ನು ಶಾಯಿಯಲ್ಲಿ ಅದ್ದಿ ತೋರಿಸಿದೆ. ಮೊದಲು ಸರಸರನೆ ಏರಿದ ಬಣ್ಣ ಆಮೇಲೆ ಕುಂಟತೊಡಗಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ಶಾಯಿಗೆ ಸುಸ್ತಾಯ್ತಾ?" ಎಂದಳು. ತರಗತಿಯೆಲ್ಲ ನಕ್ಕಿತು. ಉತ್ತರ ಗೊತ್ತಿಲ್ಲದ ನಾನು, "ಅಧಿಕಪ್ರಸಂಗ ಬೇಡ, ಕೂತ್ಕೋ" ಎಂದು ಗದರಿದೆ. ಆಮೇಲೆ ಅವಳು ನನ್ನ ಚರಿತ್ರೆ ಪಾಠದಲ್ಲೂ ಕೈ ಎತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು. ಬೆರಳ ತುದಿಯ ರಕ್ತದ ಹನಿಯನ್ನು ಪರೀಕ್ಷೆಯ ಪಟ್ಟಿ ತಾನಾಗಿ ಹೀರಿಕೊಂಡಾಗ ಆ ಪ್ರಶ್ನೆ ನೆನಪಾಯಿತು. ಹುಡುಕಿ ಓದಿದೆ.

1718ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜ್ಯೂರಿನ್, ಗಾಜಿನ ಕೊಳವೆ ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆಂದು ತೋರಿಸಿದ. ನಮ್ಮ ದೀಪದ ಬತ್ತಿ ಎಣ್ಣೆ ಎಳೆಯುವುದೂ ಹೀಗೆಯೇ. ಸೀಮೆಸುಣ್ಣದ ಒಳಗಿನ ಸಣ್ಣ ರಂಧ್ರಗಳೂ ಇಂಥ ಕೊಳವೆಗಳೇ. ಆದರೆ ಎಳೆಯುವ ಗೋಡೆಯೇ ತಡೆಯುವುದೂ ಉಂಟು. ಗೋಡೆಗೆ ತಾಗಿದ ದ್ರವ ಅಲ್ಲಿಯೇ ಅಂಟಿ ನಿಲ್ಲುತ್ತದೆ. ಪಕ್ಕದ್ದು ಅದನ್ನು ತಿಕ್ಕಿಕೊಂಡೇ ಸಾಗಬೇಕು. ಪ್ಯಾರಿಸ್ಸಿನ ವೈದ್ಯ ಪ್ವಾಸೇಯ್, ಸಣ್ಣ ನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆಂದು ತಿಳಿಯಲು, 1840ರ ಸುಮಾರಿಗೆ ತೀರಾ ಸಪೂರವಾದ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದ. ಒತ್ತಡ ಅಷ್ಟೇ ಇದ್ದು ಕೊಳವೆಯ ಅಗಲ ಅರ್ಧವಾದರೆ ಹರಿವು 16ರಲ್ಲಿ 1 ಪಾಲಿಗೆ ಇಳಿಯುತ್ತದೆ.

1918ರಲ್ಲಿ ಜರ್ಮನಿಯ ಲೂಕಾಸ್, 1921ರಲ್ಲಿ ಅಮೆರಿಕದ ವಾಶ್‌ಬರ್ನ್ ಎಳೆತ, ತಡೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರು. ಎಳೆತ ಇದ್ದಷ್ಟೇ ಇರುತ್ತದೆ. ಸಾಗಿದ ದಾರಿ ಬೆಳೆದಷ್ಟೂ ತಿಕ್ಕಾಟ ಬೆಳೆಯುತ್ತದೆ. ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಹೊತ್ತು. ಹುಡುಗಿ ಹೇಳಿದ್ದು ಸರಿಯೇ. ಶಾಯಿಗೆ ಸುಸ್ತಾಗಿತ್ತು!

ತಿಕ್ಕಾಟ ತಗ್ಗಿಸಲು ಕೊಳವೆಯನ್ನು ಅಗಲ ಮಾಡಿದರೆ ಎಳೆತವೂ ತಗ್ಗುತ್ತದೆ. 2007ರಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ತಂಡ ಕಾಗದದಲ್ಲೇ ಪುಟ್ಟ ಕಾಲುವೆಗಳನ್ನು ಮಾಡಿ ಅಗ್ಗದ ರೋಗಪರೀಕ್ಷೆಗೆ ದಾರಿ ತೋರಿತು. ಅಲ್ಲಿಯೂ ಇದೇ ನಿಧಾನದ ತೊಡಕು. ಆಮೇಲೆ ಸಂಶೋಧಕರು ಎರಡು ಕಾಗದಗಳ ನಡುವೆ ತೆಳುವಾದ ಸಂದು ಬಿಟ್ಟು ನೋಡಿದರು. ಕಾಗದದ ರಂಧ್ರಗಳಿಗಿಂತ ಆ ಸಂದಿನಲ್ಲಿ ತಿಕ್ಕಾಟ ಬಹಳ ಕಡಿಮೆ. ಎರಡು ಬದಿಯ ಕಾಗದದ ಎಳೆತವೂ ಉಳಿಯಿತು. ದ್ರವ ಬೇಗ ಸಾಗಿತು.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಅವಳಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಈಗ ಮಕ್ಕಳು ಏನಾದರೂ ಕೇಳಿ ನನಗೆ ತೋಚದಿದ್ದರೆ, "ಗೊತ್ತಿಲ್ಲಮ್ಮ, ನಾಳೆ ನೋಡ್ಕೊಂಡು ಬಂದು ಹೇಳ್ತೀನಿ" ಎನ್ನುತ್ತೇನೆ.