ಅಂಗಳದ ಹೂ ಕಾಟು ಆಗುವ ಕಥೆ

"ಪೇಟೆಯಿಂದ ತಂದ ಕರ್ಣಕುಂಡಲ ಮೊದಲ ವರ್ಷ ಗುಲಾಬಿಯ ಹಾಗೆ ತುಂಬಾ ಎಸಳು ಬಿಟ್ಟಿತ್ತು. ಉದುರಿದ ಬೀಜದಲ್ಲಿ ಹುಟ್ಟಿದ್ದು ಈಗ ಗುಡ್ಡೆಯ ಹೂವಿನ ಹಾಗೇ ಉಂಟು. ಬೀಜದ ಮೋಸವಾ?" ಅಂತ ಈ ಮಳೆಗಾಲದಲ್ಲಿ ಇಬ್ಬರು ಮೂವರು ಕೇಳಿದರು. ಮೋಸ ಅಲ್ಲ ಮಾರಾಯ್ರೆ, ಅದರ ಹಿಂದೆ ದೊಡ್ಡ ಕಥೆ ಉಂಟು.

ಕರ್ಣಕುಂಡಲ ನಮ್ಮದೇ ಸೀಮೆಯ ಗಿಡ. ಆಟಿ, ಸೋಣದಲ್ಲಿ ಗುಡ್ಡೆ ಬದಿ, ದರೆ ಬದಿಯಲ್ಲಿ ತಾನಾಗಿ ಹುಟ್ಟುತ್ತದೆ. ಒಂದೇ ಸುತ್ತು ಎಸಳು, ಹಿಂದೆ ಸಣ್ಣ ಬಾಲ. ಬಲಿತ ಕಾಯಿ ಮುಟ್ಟಿದರೆ ಟಪ್ ಅಂತ ಸಿಡಿಯುತ್ತದೆ. ಅದಕ್ಕೇ 1753ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರದ ಹೆಸರು ಇಡುವಾಗ ಇಂಪೇಶಿಯನ್ಸ್, ಅಂದರೆ ತಾಳ್ಮೆ ಇಲ್ಲದ್ದು, ಅಂದದ್ದು. ಅದಕ್ಕೂ ಮೊದಲೇ, 1500ರ ದಶಕಗಳ ಕೊನೆಗೆ, ಈ ಹೂ ಇಂಗ್ಲೆಂಡಿನ ತೋಟಗಳಿಗೆ ಮುಟ್ಟಿತ್ತು. ಅಲ್ಲಿಯ ತೋಟದವರು ಹೆಚ್ಚು ಎಸಳಿನ ಗಿಡದಿಂದ ಮಾತ್ರ ಬೀಜ ತೆಗೆದು, ಉಳಿದದ್ದನ್ನು ಕಿತ್ತು ಬಿಸಾಡಿ, ತುಂಬು ಎಸಳಿನ ತಳಿ ಮಾಡಿದರು. ಅದೇ ಈಗ ಪ್ಯಾಕೆಟಿನಲ್ಲಿ ನಮ್ಮೂರಿಗೆ ವಾಪಸ್ ಬರುವುದು.

ತುಂಬು ಹೂವಿನಲ್ಲಿ ಪರಾಗ ಕೊಡುವ ಕೇಸರಗಳೇ ಎಸಳಾಗಿರುತ್ತವೆ. ಹಾಗಾಗಿ ಪರಾಗ ಕಡಿಮೆ, ಬೀಜವೂ ಕಡಿಮೆ. ಒಂಟಿ ಎಸಳಿನದ್ದು ಬೀಜ ಹೆಚ್ಚು ಉದುರಿಸುತ್ತದೆ. ಜೇನುನೊಣ ಗುಡ್ಡೆಯ ಹೂವಿನ ಪರಾಗವನ್ನೂ ತಂದು ಹಾಕುತ್ತದೆ. ನಾವು ಆರಿಸುವುದು ಬಿಟ್ಟರೆ ಕೆಲವೇ ವರ್ಷದಲ್ಲಿ ಅದು ತವರಿನ ರೂಪಕ್ಕೆ ಹೋಗುತ್ತದೆ. (ಕಸಿ ಗುಲಾಬಿ ಕಾಡಾಯಿತು ಅಂತ ಹೇಳುವುದು ಬೇರೆ ಸಂಗತಿ. ಅಲ್ಲಿ ಕಸಿಯ ಕೆಳಗಿನ ಬುಡದ ಗಿಡವೇ ಚಿಗುರಿ ಮೇಲಿನದ್ದನ್ನು ಕೊಂದಿರುತ್ತದೆ. ಆ ಚಿಗುರನ್ನು ಬುಡದಿಂದಲೇ ತೆಗೆಯಬೇಕು.)

ಆದರೆ ಕಾಡಿಗೆ ಹೋದದ್ದೆಲ್ಲ ಮೂಲಕ್ಕೇ ಹೋಗುತ್ತದಾ? ಸಾಕಿದ ಗಿಡ, ಪ್ರಾಣಿಗಳ ಬಗ್ಗೆ ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಒಂದು ದೊಡ್ಡ ಪುಸ್ತಕ ಬರೆದರು. ಎಲ್ಲರೂ ಹಾಗೆ ಹೇಳುತ್ತಾರೆ, ಆದರೆ ಅದಕ್ಕೆ ಆಧಾರ ಬಹಳ ಕಡಿಮೆ ಅಂತ ಅದರಲ್ಲಿ ಉಂಟು. ಅವರ ಮಾತು ಎಷ್ಟು ಸರಿ ಅಂತ ತಿಳಿಯಲು ನಮ್ಮ ಬೇಲಿಯ ಲಂಟಾನ ನೋಡಿದರೆ ಸಾಕು.

ಲಂಟಾನದ ತವರು ಅಮೆರಿಕಾ ಖಂಡದ ಬಿಸಿಲು ಸೀಮೆ. 1600ರ ದಶಕಗಳಲ್ಲಿ ಡಚ್ಚರು ಅದನ್ನು ತಮ್ಮ ದೇಶದ ತೋಟಗಳಿಗೆ ಒಯ್ದರು. ಯುರೋಪಿನಲ್ಲಿ ಒಂದಕ್ಕೊಂದು ಬೆರೆಸಿ ಹಳದಿ, ಕೆಂಪು, ಗುಲಾಬಿ ಬಣ್ಣದ ನೂರಾರು ತಳಿ ಮಾಡಿದರು. 1809ರಲ್ಲಿ ಬ್ರಿಟಿಷರು ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಂದದ ಗಿಡ ಅಂತ ತಂದರು. ಮತ್ತೆ ಬೇಲಿಗೆ ನೆಟ್ಟರು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು.

ಈಗ ನಮ್ಮ ಕಾಡಿನಲ್ಲಿರುವುದು ಅಮೆರಿಕಾದ ಮೂಲ ಕಾಡುಗಿಡ ಅಲ್ಲ. ತೋಟದಲ್ಲಿ ಬೆರಕೆ ಆಗಿ, ಹೊರಗೆ ಬಂದ ಮೇಲೆ ಮತ್ತೂ ಬೆರೆತು ಹುಟ್ಟಿದ ಹೊಸ ಕಾಟು. ಮುಳ್ಳು ಉಂಟು, ವಿಷವೂ ಉಂಟು. ಅದನ್ನು ತಿಂದು ಹದ್ದಿನಲ್ಲಿಡುವ ಹುಳಗಳು ತವರಿನಲ್ಲೇ ಉಳಿದವು. 1921ರಲ್ಲಿ ಹವಾಯಿಯಿಂದ ಅದರ ಬೀಜ ತಿನ್ನುವ ನೊಣ, 1941ರಲ್ಲಿ ಆಸ್ಟ್ರೇಲಿಯಾದಿಂದ ಎಲೆಯ ರಸ ಹೀರುವ ತಿಗಣೆ ತಂದು ನೋಡಿದರು, ಲಂಟಾನ ಬಗ್ಗಲಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕೋಲಿನಿಂದ ಬುಟ್ಟಿ, ಕುರ್ಚಿ ಮಾಡಿ ಒಂದಿಷ್ಟು ಸಂಪಾದನೆ ಮಾಡುತ್ತಿದ್ದಾರೆ, ಅಷ್ಟೇ.

ಬೇಸಗೆಯಲ್ಲಿ ಹಸಿರು ಹುಲ್ಲು ಇಲ್ಲದಾಗ ದನಗಳು ಇದಕ್ಕೆ ಬಾಯಿ ಹಾಕುತ್ತವೆ. ಈಲಿ ಕೆಡುತ್ತದೆ, ಕಣ್ಣು ಹಳದಿ ಆಗುತ್ತದೆ, ಬಿಸಿಲು ಬಿದ್ದರೆ ಚರ್ಮ ಸುಲಿಯುತ್ತದೆ. ನಮ್ಮ ಹಟ್ಟಿಯಿಂದ ಒಂದು ಕಡಸು ಹೀಗೇ ಹೋಯಿತು. ಲಕ್ಷಣ ಕಂಡರೆ ಕೂಡಲೇ ನೆರಳಿನಲ್ಲಿ ಕಟ್ಟಿ ಡಾಕ್ಟರಿಗೆ ಹೇಳಿ.

ಇಷ್ಟು ಬರೆಯಲು ಕಾರಣ, ಈಗ ಎಲ್ಲರ ಅಂಗಳಕ್ಕೂ ನರ್ಸರಿ ಗಿಡ ಬರುತ್ತಾ ಉಂಟು. ಕರ್ಣಕುಂಡಲ ಕಾಟು ಆದರೆ ಹೆದರಿಕೆ ಇಲ್ಲ, ಅದರ ಮನೆ ಇಲ್ಲೇ. ತುಂಬು ಹೂವೇ ಬೇಕಾದರೆ ಒಂಟಿ ಎಸಳಿನ ಗಿಡವನ್ನು ಕಾಯಿ ಕಟ್ಟುವ ಮೊದಲೇ ಕಿತ್ತುಬಿಡಿ. ಹೊರಗಿನ ಗಿಡವಾದರೆ ಹಕ್ಕಿ ಅದರ ಹಣ್ಣು ತಿನ್ನುತ್ತದಾ, ತುಂಡು ಬಿದ್ದಲ್ಲಿ ಬೇರು ಬಿಡುತ್ತದಾ ಅಂತ ಮೊದಲೇ ಕೇಳಿ. ನೆಲ ಮುಚ್ಚುವ ಹಳದಿ ಹೂವಿನ ಸಿಂಗಾಪುರ ಡೈಸಿ ಗಂಟು ಗಂಟಿನಲ್ಲೂ ಬೇರು ಬಿಡುವ ಜಾತಿ. ಅದನ್ನು ಕಿತ್ತರೆ ಅಡಿಕೆ ತೋಟದ ಕಣಿಗೆ ಬಿಸಾಡಬೇಡಿ, ನೀರು ಅದನ್ನು ಕೆಳಗಿನವರ ತೋಟಕ್ಕೆ ಮುಟ್ಟಿಸುತ್ತದೆ. ಬಿಸಿಲಿಗೆ ಕಲ್ಲಿನ ಮೇಲೆ ಹರಡಿ, ಪೂರ್ತಿ ಒಣಗಿದ ಮೇಲೆ ಸುಡಿ.