ಇಂಗ್ಲಿಷ್ ಕಲಿಕೆಯಲ್ಲಿ ಕಥಾಸಾಹಿತ್ಯ (ಕಲಬುರಗಿ ಜಿಲ್ಲೆ)

ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿಯುವವರಿಗೆ ಹಳೆಯ ಮತ್ತು ಸಮಕಾಲೀನ ಕತೆಗಳ ಮೂಲಕ ಆ ಭಾಷೆಯನ್ನು ಕಲಿಸುವುದು ಕರ್ನಾಟಕದ ಪ್ರೌಢಶಾಲೆ ಹಾಗೂ ಪದವಿಪೂರ್ವ ಶಿಕ್ಷಣದಲ್ಲಿ ರೂಢಿಯಲ್ಲಿರುವ ಕ್ರಮವಾಗಿದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದಲ್ಲಿ ಕನ್ನಡದೊಂದಿಗೆ ದಖನಿ ಉರ್ದು, ತೆಲುಗು ಮತ್ತು ಲಂಬಾಣಿ ಮನೆಮಾತಿನ ಕುಟುಂಬಗಳೂ ಇರುವುದರಿಂದ ಇಲ್ಲಿನ ಅನೇಕ ಮಕ್ಕಳಿಗೆ ಇಂಗ್ಲಿಷ್ ಮೂರನೆಯ ಭಾಷೆಯಾಗಿರುತ್ತದೆ.

ಹಿನ್ನೆಲೆ

ಈ ಪ್ರದೇಶವು 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಗುಲಬರ್ಗಾ ವಿಶ್ವವಿದ್ಯಾಲಯ ಆರಂಭವಾದದ್ದು 1980ರಲ್ಲಿ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ವ್ಯವಸ್ಥೆ 2007-08ರಲ್ಲಿ ಜಾರಿಗೆ ಬಂದಿತು.

ಪಠ್ಯದ ಕತೆಗಳು

2010ರ ದಶಕದಲ್ಲಿ ರೂಪುಗೊಂಡ ಪದವಿಪೂರ್ವ ಇಂಗ್ಲಿಷ್ ಪಠ್ಯಗಳಾದ 'ರಿಫ್ಲೆಕ್ಷನ್ಸ್' ಮತ್ತು 'ಸ್ಪ್ರಿಂಗ್ಸ್' ಇಂಗ್ಲೆಂಡಿನ ಸಾಹಿತ್ಯಕ್ಕೆ ಸೀಮಿತವಾಗಲಿಲ್ಲ. ಟಾಲ್‌ಸ್ಟಾಯ್ ಅವರ 'ಟೂ ಡಿಯರ್', ಚಿನುವ ಅಚಿಬೆಯವರ 'ದ ವೋಟರ್', ವೈಕಂ ಮುಹಮ್ಮದ್ ಬಷೀರರ 'ಒರು ಮನುಷ್ಯನ್' ಇವುಗಳಲ್ಲಿ ಸೇರಿದ್ದವು. ಕನ್ನಡದಿಂದ ಅನುವಾದಗೊಂಡ ಪಿ. ಲಂಕೇಶರ ಕತೆ 'ದ ಗಾರ್ಡನರ್' ಮತ್ತು ಪೂರ್ಣಚಂದ್ರ ತೇಜಸ್ವಿಯವರ ಗದ್ಯವೂ ಇದ್ದವು. ಹತ್ತನೆಯ ತರಗತಿಯ ಪಠ್ಯದಲ್ಲಿ ಆರ್. ಕೆ. ನಾರಾಯಣರ 'ಎ ಹೀರೋ' ಇತ್ತು.

ತರಗತಿಯ ಚರ್ಚೆಗೆ 'ದ ವೋಟರ್' ಹೆಚ್ಚು ಒದಗುವ ಕತೆ. ನೈಜೀರಿಯಾದ ಹಳ್ಳಿಯೊಂದರಲ್ಲಿ ಸಚಿವನ ಪರ ಪ್ರಚಾರ ಮಾಡುವ ರೂಫ್, ಎದುರಾಳಿ ಪಕ್ಷದಿಂದಲೂ ಹಣ ಪಡೆದು ಆಣೆ ಇಡುತ್ತಾನೆ. ಕೊನೆಗೆ ಮತಪತ್ರವನ್ನು ಎರಡಾಗಿ ಹರಿದು ಎರಡೂ ಪೆಟ್ಟಿಗೆಗಳಿಗೆ ಹಾಕುತ್ತಾನೆ. ಚುನಾವಣೆಯ ಹಣ, ಆಣೆ, ಊರ ಹಿರಿಯರ ಲೆಕ್ಕಾಚಾರ ಇವಾವುವೂ ಇಲ್ಲಿನ ವಿದ್ಯಾರ್ಥಿಗೆ ಅಪರಿಚಿತವಲ್ಲ. ರೂಫ್ ಮಾತು ಉಳಿಸಿಕೊಂಡನೇ, ತಪ್ಪಿದನೇ ಎಂಬ ಪ್ರಶ್ನೆಯನ್ನು ಮೊದಲು ಮನೆಮಾತಿನಲ್ಲಿ ಚರ್ಚಿಸಿ, ಅನಂತರ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆಸಬಹುದು.

ಓದಿನ ಸಮಸ್ಯೆ

ಕತೆ ಅರ್ಥವಾಗದಿರಲು ಸಾಮಾನ್ಯ ಕಾರಣ ಕತೆಯಲ್ಲ, ಅಪರಿಚಿತ ಪದಗಳ ದಟ್ಟಣೆ. ಪರರ ನೆರವಿಲ್ಲದೆ ಕತೆಯನ್ನು ಓದಿ ತಿಳಿಯಲು ಅದರ ಸುಮಾರು 98 ಶೇಕಡ ಪದಗಳು ಓದುಗನಿಗೆ ಪರಿಚಿತವಾಗಿರಬೇಕು ಎಂಬುದು 2000ದಲ್ಲಿ ಪ್ರಕಟವಾದ ಹು ಮತ್ತು ಪಾಲ್ ನೇಷನ್ ಅವರ ಅಧ್ಯಯನದ ನಿಲುವು. ಅಂದರೆ 50 ಪದಗಳಿಗೆ ಒಂದು ಹೊಸ ಪದ. ಇದಕ್ಕೂ ಬಹಳ ಹಿಂದೆ, 1920ರ ದಶಕದಲ್ಲಿ, ಢಾಕಾದಲ್ಲಿದ್ದ ಮೈಕೆಲ್ ವೆಸ್ಟ್ ಬಂಗಾಳಿ ವಿದ್ಯಾರ್ಥಿಗಳಿಗಾಗಿ ಸೀಮಿತ ಪದಗಳ ಸರಳ ಓದುಪುಸ್ತಕಗಳನ್ನು ರೂಪಿಸಿದ್ದರು.

ಪಠ್ಯದ ಭಾಷೆ ಈ ಮಟ್ಟವನ್ನು ಮೀರಿದಾಗ ಶಿಕ್ಷಕರು ಸಾಲುಸಾಲಾಗಿ ಅನುವಾದಿಸುತ್ತಾರೆ, ವಿದ್ಯಾರ್ಥಿಗಳು ಗೈಡಿನ ಉತ್ತರ ಬಾಯಿಪಾಠ ಮಾಡುತ್ತಾರೆ. ಇದರಿಂದ ಅಂಕ ಬರಬಹುದು, ಓದು ಬಾರದು. ಲಂಕೇಶರ ಕತೆಯ ಮಟ್ಟಿಗಾದರೂ ಕನ್ನಡ ಮೂಲವನ್ನು ಮೊದಲು ಓದಿಸಿ ಇಂಗ್ಲಿಷ್ ಪಾಠಕ್ಕೆ ಹೋಗುವುದು ಹೆಚ್ಚು ಫಲಕಾರಿ. ಕಥಾವಸ್ತು ತಿಳಿದಿರುವುದರಿಂದ ಗಮನವೆಲ್ಲ ವಾಕ್ಯದ ಮೇಲೆ ನಿಲ್ಲುತ್ತದೆ. ಉರ್ದು ಮಾಧ್ಯಮದ ವಿದ್ಯಾರ್ಥಿಗೆ ಈ ಅನುಕೂಲ ಅಷ್ಟಾಗಿ ದಕ್ಕುವುದಿಲ್ಲ. (ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಆಳಿದ ರಾಷ್ಟ್ರಕೂಟರ ಕಾಲದ 'ಕವಿರಾಜಮಾರ್ಗ'ವೂ ದಂಡಿಯ ಸಂಸ್ಕೃತ 'ಕಾವ್ಯಾದರ್ಶ'ವನ್ನು ಪಕ್ಕದಲ್ಲಿಟ್ಟುಕೊಂಡು ರಚಿತವಾದದ್ದೇ.)

ಸಮಕಾಲೀನ ಕೃತಿಗಳು

ಬಾನು ಮುಷ್ತಾಕ್ ಅವರ ಕನ್ನಡ ಕತೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ಇದರ 12 ಕತೆಗಳಲ್ಲಿ ಕನ್ನಡ, ಉರ್ದು ಪದಗಳನ್ನು ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಲಾಗಿದೆ. ಶಹಾಬಾದ್ ಅಥವಾ ಚಿತ್ತಾಪುರದ ಓದುಗರಿಗೆ ಇಂತಹ ಪದಗಳು ತೊಡಕಲ್ಲ, ಆಸರೆ. ಕಲಬುರಗಿ ಜಿಲ್ಲೆಯವರೇ ಆದ ಗೀತಾ ನಾಗಭೂಷಣರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿದೆ. ಈ ಭಾಗದ ಆಡುಮಾತಿನಲ್ಲಿರುವ ಅದರ ಸಂಭಾಷಣೆಗಳನ್ನು ವಿದ್ಯಾರ್ಥಿಗಳಿಂದಲೇ ಇಂಗ್ಲಿಷಿಗೆ ತಿರುಗಿಸಿ ನೋಡುವಂತೆ ಮಾಡುವುದು ಪದವಿ ತರಗತಿಗಳಿಗೆ ಹೊಂದುವ ಅಭ್ಯಾಸ.